ಎಳೆತ ಇಲ್ಲ

ಜಾಬ್ ಕಾರ್ಡಿನಲ್ಲಿ ಮಾಲೀಕರು ಬರೆಸಿದ್ದು ಎರಡೇ ಪದ:
ಎಳೆತ ಇಲ್ಲ.
ಹನ್ನೆರಡು ಗಾಲಿಯ ಲಾರಿ. ದಾವಣಗೆರೆಯಿಂದ ನಾಮಕ್ಕಲ್ಲಿಗೆ ಮೆಕ್ಕೆಜೋಳ,
ಅಲ್ಲಿನ ಕೋಳಿಗಳು ಅದನ್ನು ತಿಂದು ಮುಗಿಸುವ ಮೊದಲೇ
ಸೇಲಂನಲ್ಲಿ ಸಬ್ಬಕ್ಕಿ ಹೇರಿಕೊಂಡು ವಾಪಸ್ಸು.
ಹಿರಿಯೂರು ದಾಟಿ ಏರು ಶುರುವಾಯಿತೋ
ಎತ್ತು ಮಂಡಿಯೂರಿದ ಹಾಗೆ ಕೂತುಬಿಡುತ್ತದಂತೆ.

ಪಿ.ಬಿ. ರಸ್ತೆಯ ನಮ್ಮ ಶೆಡ್ಡಿಗೆ ಬರುವಷ್ಟರಲ್ಲಿ
ಫಿಲ್ಟರ್ ಬದಲಾಗಿತ್ತು, ಇಂಜೆಕ್ಟರ್ ಬಿಚ್ಚಿ ತೊಳೆದಾಗಿತ್ತು,
ಟರ್ಬೊ ಹೊಸದು. ಅದರ ಬಿಲ್ಲು ಇನ್ನೂ ಡ್ಯಾಶಿನ ಮೇಲಿತ್ತು,
ಒಣಗಿದ ನಿಂಬೆಹಣ್ಣಿನ ಪಕ್ಕ.

ಬುಡೇನ್ ಸಾಬರು ಸ್ಕ್ರೂಡ್ರೈವರಿನ ತುದಿ ಇಂಜಿನ್ನಿಗೊತ್ತಿ
ಹಿಡಿಯನ್ನು ಕಿವಿಗಿಟ್ಟು ಕಣ್ಣು ಮುಚ್ಚಿದರು.
"ನನ್ನ ಕಿವಿಗೆ ಎಲ್ಲಾ ನೆಟ್ಟಗೈತೆ. ಇಲ್ಲಿ ನಿಂತು ಸುಳ್ಳು ಹೇಳ್ತೈತೆ,
ನಿಜ ಹೇಳೋದು ರೋಡಿನಾಗೆ."
ಆಮೇಲೆ ನನ್ನ ಕಡೆ ತಿರುಗಿ,
"ನಿನ್ನ ಡಬ್ಬಿ ಕಟ್ಟಮ್ಮ."

ಡಬ್ಬಿ ಅಂದರೆ ಲಾಗರ್. ಬೆಂಕಿಪೊಟ್ಟಣದಷ್ಟು.
ಸ್ಟೇರಿಂಗಿನ ಕೆಳಗೆ ಸಿಕ್ಕಿಸಿ ಡ್ರೈವರ್ ಓಬಳೇಶನಿಗೆ ಹೇಳಿದೆ,
ನಾಲ್ಕು ರಾತ್ರಿ ಇಲ್ಲಿರಲಿ, ಮುಟ್ಟಬೇಡ.
ಹೇಳದೆ ಬಂದ ಬೀಗರನ್ನು ನೋಡುವಂತೆ ನೋಡಿದ.
"ಏನೇನು ಬರ್ಕಂತೈತೆ ಇದು?"
"ಇಂಜಿನ್ನಿನ ಮಾತು ಮಾತ್ರ."
ನಾನೂ ಹಾಗೇ ನಂಬಿದ್ದೆ.

ಐದನೇ ಬೆಳಿಗ್ಗೆ, ನಿನ್ನೆಯ ಮಂಡಕ್ಕಿಯ ಎಣ್ಣೆ ಪೇಪರ್ ಸರಿಸಿ
ಲ್ಯಾಪ್‌ಟಾಪ್ ತೆರೆದೆ. ಸೆಕೆಂಡಿಗೊಂದು ಸಾಲು.
ರೇಲ್ ಪ್ರೆಶರ್, ಕೇಳಿದಷ್ಟೂ ಕೊಟ್ಟಿದೆ.
ನೀರಿನ ಬಿಸಿ ಎಂಬತ್ತಾರು, ಎಂಬತ್ತೇಳು, ಮತ್ತೆ ಎಂಬತ್ತಾರು.
ಬೂಸ್ಟ್ ಮಾತ್ರ
ಲೋಡು ತೊಂಬತ್ತು ದಾಟಿದೊಡನೆ ಉಸಿರು ಬಿಡುತ್ತದೆ,
ಒಂದೂ ಎಂಟಕ್ಕೆ ಹತ್ತಬೇಕಾದದ್ದು ಒಂದೂ ಒಂದಕ್ಕೆ ಸೋಲುತ್ತದೆ.
ಗಾಳಿ ಎಲ್ಲಿಯೋ ಸೋರುತ್ತಿದೆ.
ಇಂಟರ್‌ಕೂಲರ್ ಪೈಪಿನಲ್ಲಿ, ಕ್ಲಾಂಪಿನ ಮರೆಗೆ, ಬೆರಳುದ್ದದ ಸೀಳು.
ನಿಂತಾಗ ತುಟಿ ಮುಚ್ಚಿಕೊಂಡಿರುತ್ತದೆ,
ಹೊರೆ ಬಿದ್ದಾಗ ಬಾಯಿ ಬಿಡುತ್ತದೆ.
ಸಾಬರು ಅದಕ್ಕೆ ಹೆಬ್ಬೆರಳು ತೂರಿಸಿ ನಕ್ಕರು:
"ಟರ್ಬೊದ ದುಡ್ಡು ಗಾಳಿಗೆ."

ಅಲ್ಲಿಗೆ ಮುಗಿಯಬೇಕಿತ್ತು.
ಇನ್ನೊಂದು ಗೆರೆ ಇತ್ತು, ಕಿತ್ತಳೆ ಬಣ್ಣದ್ದು, ಪೆಡಲಿನದು.
ನಾಲ್ಕನೇ ರಾತ್ರಿ, ಮೂರು ಗಂಟೆ ನಲವತ್ತೊಂದು ನಿಮಿಷ.
ಕಿಲೋಮೀಟರ್ ಎಣಿಸಿದರೆ ಐಮಂಗಲ ಹಿಂದಾಗಿ
ದುರ್ಗದ ಗಾಳಿಕಂಬಗಳ ಕೆಂಪು ದೀಪ ಕಾಣಿಸತೊಡಗುವ ಜಾಗ.
ಎಂಬತ್ತೆರಡು. ಎಪ್ಪತ್ತಾರು. ಅರವತ್ತೊಂಬತ್ತು.
ಐವತ್ತು.
ತೊಟ್ಟಿಲು ತೂಗುವ ಕೈ ತಾನೇ ನಿಧಾನವಾಗುವಂತೆ
ಮೂವತ್ತೊಂದು.
ಆಮೇಲೆ ಒಂದು ಸಾಲಿನಲ್ಲಿ ಬ್ರೇಕು,
ಮುಂದಿನ ಸಾಲಿನಲ್ಲಿ ನೂರು.

ಹಿಂದಕ್ಕೆ ಹೋಗಿ ಹುಡುಕಿದೆ. ಎರಡನೇ ರಾತ್ರಿ ಒಂದು ಸಲ.
ನಾಲ್ಕನೇ ರಾತ್ರಿ ನಾಲ್ಕು ಸಲ.
ಸ್ಕ್ರೂಡ್ರೈವರಿಗೆ ಇದು ಕೇಳಿಸುವುದಿಲ್ಲ.

ಓಬಳೇಶನನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿದ.
"ಮಲಗಿಲ್ಲ ಮೇಡಂ. ಕಣ್ಣು ತೆರೆದೇ ಇದ್ವು."
ಇರಬಹುದು. ಕಣ್ಣಿಗೆ ಸೆನ್ಸರ್ ಇರಲಿಲ್ಲ.
"ಮಾಲೀಕರಿಗೆ ತೋರಿಸ್ತೀರಾ?"
ಹವಾಯಿ ಚಪ್ಪಲಿಯ ಬಲಗಾಲು ನೆಲ ಒತ್ತುತ್ತಿತ್ತು,
ಸಿಮೆಂಟಿನಲ್ಲಿ ಪೆಡಲ್ ಹುಡುಕುವ ಹಾಗೆ.

ಗ್ರಾಫ್ ತೋರಿಸಲಿಲ್ಲ. ಬಿಲ್ಲು ಬರೆದೆ.
ಪೈಪು, ಒಂದು. ಕ್ಲಾಂಪು, ಎರಡು. ಕೂಲಿ.
ಕೆಳಗೆ, ರೇಟಿನ ಕಾಲಂ ಖಾಲಿ ಬಿಟ್ಟು:
ಎರಡನೇ ಡ್ರೈವರ್, ಒಂದು.

ಕೊಟ್ರಬಸಪ್ಪನವರು ಕನ್ನಡಕ ಏರಿಸಿದರು.
"ಇದ್ಯಾವ ಸಾಮಾನಮ್ಮ? ಎಲ್ಲಿ ಸಿಗ್ತದೆ?"
ನಾನು ಬಾಯಿ ತೆರೆಯುವ ಮೊದಲೇ
ಲಾರಿಯ ಅಡಿಯಿಂದ ಸಾಬರ ದನಿ ಬಂತು:
"ಅದು ಹಾಕಿಸ್ದಿದ್ರೆ ಗಾಡಿಗೆ ಗ್ಯಾರಂಟಿ ಇಲ್ಲ, ಗೌಡ್ರೆ."

ಪೈಪಿನ ದುಡ್ಡು ಎಣಿಸಿ ಕೊಟ್ಟರು. ಬಿಲ್ಲು ಮಡಚಿ ಜೇಬಿಗಿಟ್ಟರು.
ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಸಂಜೆ ಲಾರಿ ಎಪಿಎಂಸಿ ಕಡೆ ತಿರುಗಿತು, ಮತ್ತೆ ಮೆಕ್ಕೆಜೋಳಕ್ಕೆ.
ಶಬ್ದ ತುಂಬಿಕೊಂಡಿತ್ತು, ಎಳೆತ ಇತ್ತು.
ಎಡಗಡೆ ಸೀಟಿನಲ್ಲಿ ಯಾರಾದರೂ ಕೂತಿದ್ದಾರೆಯೇ
ಎಂದು ನೋಡಲು ಕೈ ಒರೆಸಿಕೊಳ್ಳುತ್ತ ಹೊರಬಂದೆ.
ಇಳಿಬಿಸಿಲು ನೇರ ಗಾಜಿಗೆ ಹೊಡೆಯುತ್ತಿತ್ತು.